ನಾವು ಕೊಟ್ಟಿಲ್ಲ

ಕರುವಿನ ಚರ್ಮವನ್ನು ಅಷ್ಟು ತೆಳ್ಳಗೆ, ಅಷ್ಟು ಬೆಳ್ಳಗೆ ಹದಮಾಡಬಹುದೆಂದು ನಮ್ಮವರಾರಿಗೂ ಗೊತ್ತಿರಲಿಲ್ಲ. ಪಶ್ಚಿಮದ ದೊರೆಯ ದೂತ ಅದರ ಮೇಲೆ ಬರೆದು ತಂದ ಒಪ್ಪಂದವನ್ನು ಬಿಡಿಸಿ ಹಾಸಿದಾಗ ಕುಲದ ಮುದುಕರೆಲ್ಲ ಬಗ್ಗಿ ಮುಟ್ಟಿ ನೋಡಿದರು.

ಸ್ಲಾವ್ ಜನರಲ್ಲಿ ನಮ್ಮದು ಸಣ್ಣ ಕುಲ. ಸರೋವರದ ನಡುವಿನ ದ್ವೀಪದಲ್ಲಿ ಮರದ ಕೋಟೆ ಕಟ್ಟಿಕೊಂಡು, ಮೀನು, ಜೇನು, ದಡದ ತುಂಡು ಹೊಲ ನಂಬಿ ಬದುಕಿದವರು. ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಆ ದೊರೆಯ ಪಟ್ಟಣಕ್ಕೆ ಒತ್ತೆಯಾಗಿ ಒಯ್ದಿದ್ದರು. ಹನ್ನೆರಡು ವರ್ಷ ಅಲ್ಲಿನ ಮಠದಲ್ಲಿ ಪಾತ್ರೆ ತಿಕ್ಕಿ ಹಿಂದಿರುಗಿದ್ದೆ. ಅವರ ಮಾತು ಬಲ್ಲವಳು ನಾನೊಬ್ಬಳೇ ಆದ್ದರಿಂದ ಅಂದು ದುಭಾಷಿಯಾಗಿ ನಿಂತೆ.

ಕಾಡು ನಿಮ್ಮದೇ, ನೀರು ನಿಮ್ಮದೇ, ನಮ್ಮೊಡನೆ ಸ್ನೇಹವೊಂದಿದ್ದರೆ ಸಾಕು ಎಂದ ದೂತ. ನಾನು ಹಾಗೆಯೇ ಹೇಳಿದೆ. ಕುಲದ ಮುಖಂಡರಾದ ನನ್ನ ದೊಡ್ಡಪ್ಪ ವೆಲೆಮೀರ ಗುರುತು ಹಾಕಲು ಬೆರಳನ್ನು ಮಸಿಗೆ ಅದ್ದಿದರು.

ಆಗ ನನ್ನ ಕಣ್ಣು ಆ ಚರ್ಮದ ಮೇಲೆ ಬಿತ್ತು. ಮಠದ ಮುದಿ ಸನ್ಯಾಸಿನಿಯೊಬ್ಬಳು, ತನ್ನ ಕಣ್ಣು ಮಂಜಾದ ಮೇಲೆ, ಓದಿ ಹೇಳಲೆಂದು ನನಗೆ ಗುಟ್ಟಾಗಿ ಅಕ್ಷರ ಕಲಿಸಿದ್ದಳು. ದೂತನಿಗೆ ಅದು ತಿಳಿದಿರಲಿಲ್ಲ.

"ದೊಡ್ಡಪ್ಪಾ, ಕೈ ತೆಗೀರಿ!" ಎಂದು ಕೂಗಿದೆ. "ಇವನು ಹೇಳಿದ್ದೇ ಬೇರೆ, ಬರೆದಿರೋದೇ ಬೇರೆ. ಕಾಡು, ನೀರು, ನಮ್ಮ ಮಕ್ಕಳ ಸಮೇತ ಎಲ್ಲಾನೂ ನಾವಾಗೇ ದೊರೆಗೆ ಕೊಟ್ಟಿದ್ದೀವಂತೆ."

ದೂತ ನನ್ನತ್ತ ಬಾಗಿ ತನ್ನ ಭಾಷೆಯಲ್ಲಿ ಪಿಸುಗುಟ್ಟಿದ: "ಸುಮ್ಮನಿರು. ಪಟ್ಟಣದಲ್ಲಿ ನಿನಗೊಂದು ಮನೆ ಕೊಡಿಸ್ತೀನಿ."

ಅದನ್ನೂ ನಾನು ಎಲ್ಲರಿಗೂ ಕೇಳುವಂತೆ ನಮ್ಮ ಮಾತಿನಲ್ಲಿ ಹೇಳಿದೆ.

ದೊಡ್ಡಪ್ಪ ನಿಧಾನವಾಗಿ ಕೇಳಿದರು: "ನಮ್ಮ ಕುಲದ ಹೆಸರು ಬರ್ದಿದ್ದಾರಾ?"

"ಇಲ್ಲ. 'ನೀರಿನ ಕಡೆಯ ಕಾಡುಜನ' ಅಂತಿದೆ."

"ಹಾಗಾದ್ರೆ ನೀನೇ ಬರಿ, ಮಗಳೇ. ನಮ್ಮ ಹೆಸರು ಬರಿ. ಕೆಳಗೆ, ನಾವು ಕೊಟ್ಟಿಲ್ಲ ಅಂತ ಬರಿ."

ನಾನು ಬೆರಳನ್ನು ಮಸಿಗೆ ಅದ್ದಿದೆ. ಅದುವರೆಗೆ ಅಡುಗೆಮನೆಯ ಹಿಟ್ಟಿನ ಮೇಲಷ್ಟೇ ಬೆರಳಾಡಿಸಿ ಬರೆದಿದ್ದವಳು ನಾನು. ಅಕ್ಷರಗಳು ಸೊಟ್ಟಗಾದವು. ಆದರೂ ನಮ್ಮ ಹೆಸರನ್ನು ಯಾರಾದರೂ ಬರೆದದ್ದು ಅಂದೇ ಮೊದಲು. ದೂತ ಕತ್ತಿಯ ಹಿಡಿಗೆ ಕೈ ಹಾಕಿದ. ಸುತ್ತಲಿನ ಮೀನುಗಾರರ ಈಟಿಗಳನ್ನು ಕಂಡು ಕೈ ತೆಗೆದ. ಚರ್ಮವನ್ನು ಸುರುಳಿ ಸುತ್ತಿಕೊಂಡು ದೋಣಿ ಹತ್ತಿದ.

ಮರುಬೇಸಿಗೆಯಲ್ಲಿ ಸೈನ್ಯ ಬಂತು. ದೊಡ್ಡಪ್ಪ ಬಾಣ ತಗುಲಿ ಸತ್ತರು. ಆದರೆ ದ್ವೀಪ ಅವರ ಕೈಗೆ ಸಿಗಲಿಲ್ಲ; ನಲವತ್ತು ದಿನ ಕಾದು, ಹೋಗುವಾಗ ದಡದ ಮೇಲಿನ ನಮ್ಮ ಹೊಲಗಳನ್ನೆಲ್ಲ ಸುಟ್ಟು, ಬಂದ ದಾರಿ ಹಿಡಿದರು.

ಅವರು ಹೋದ ಬೆಳಿಗ್ಗೆ ನಾವು ದಡಕ್ಕೆ ಬಂದೆವು. ನೆಲ ಇನ್ನೂ ಬೆಚ್ಚಗಿತ್ತು. ದೊಡ್ಡಮ್ಮ ಮಡಿಲಲ್ಲಿ ಕಟ್ಟಿ ತಂದಿದ್ದ ಬಿತ್ತನೆಯ ಕಾಳನ್ನು ಆ ಕರಿಬೂದಿಯ ಮೇಲೆ ಚೆಲ್ಲುತ್ತ ನಡೆದರು. ಅವರ ಹಿಂದೆ ನಾನು, ಬರಿಗಾಲಿನಿಂದ ಮಣ್ಣು ಮುಚ್ಚುತ್ತ ಹೋದೆ.