ಅಮ್ಮ ತಿರುಗಿಸಿದ ಮೋಟಾರು

ಗಾಲಿಕುರ್ಚಿ ತಯಾರಿಸುವ ಕಾರ್ಖಾನೆಯಲ್ಲಿ ಅವಳಿಗೆ ‘ಸೂತ್ರಧಾರಿ’ ಎಂಬ ಅಡ್ಡಹೆಸರಿತ್ತು. ಬೆಳಗಿನಿಂದ ಸಂಜೆಯವರೆಗೆ ಸೂತ್ರಗಳೊಂದಿಗೇ ಗುದ್ದಾಡುವವಳಿಗೆ ಅದು ಒಪ್ಪುವಂತೆಯೂ ಇತ್ತು. ಚಕ್ರ ತಿರುಗಿಸುವ, ಬ್ರಷ್ ಇಲ್ಲದ ಮೋಟಾರನ್ನು ಕಂಪ್ಯೂಟರಿನೊಳಗೆ ಸಮೀಕರಣಗಳಲ್ಲಿ ಕಟ್ಟುವುದು ಅವಳ ಕೆಲಸ. ಮೂರು ತಾಮ್ರದ ಸುರುಳಿಗಳು, ನಡುವೆ ತಿರುಗುವ ಆಯಸ್ಕಾಂತ, ಅದರ ಭಾರ, ಬೇರಿಂಗಿನ ಉಜ್ಜಾಟ ಎಲ್ಲವೂ ಅಂಕಿಗಳಾಗಬೇಕು. ಈ ಲೆಕ್ಕದ ಮಾದರಿ ಸರಿಯಿದ್ದರೆ ಒಂದು ಸ್ಕ್ರೂ ಬಿಗಿಯುವ ಮೊದಲೇ ಕುರ್ಚಿ ಏರು ಹತ್ತುತ್ತದೋ ಇಲ್ಲವೋ ಹೇಳಿಬಿಡಬಹುದು. ನಾಲ್ಕು ತಿಂಗಳು ಅದಕ್ಕೇ ಜೀವ ತೇಯ್ದಿದ್ದಳು.

ಹೊಸ ಮೋಟಾರುಗಳು ಬಂದು ಪರೀಕ್ಷೆಯ ಮೇಜಿನ ಮೇಲೆ ಓಡಿದ ದಿನ ಮಾದರಿ ಕೈಕೊಟ್ಟಿತು. ಅವಳ ಪರದೆಯಲ್ಲಿ ಬ್ಯಾಟರಿಯ ಕರೆಂಟು ಸಣ್ಣ ಅಲೆಗಳಲ್ಲಿ ಸಮನಾಗಿ ಸಾಗುತ್ತಿತ್ತು. ಮೇಜಿನ ಮೇಲಿನ ಮೋಟಾರಿನದು ಎದ್ದು ಬಿದ್ದು ಕುಣಿಯುತ್ತಿತ್ತು. ಕುರ್ಚಿಗೆ ಜೋಡಿಸಿ ನಿಧಾನವಾಗಿ ಓಡಿಸಿದರೆ ಕುರ್ಚಿಯೇ ನಡುಗುತ್ತಿತ್ತು.

“ನಿನ್ನ ಮಾದರಿಯಲ್ಲಿ ಏನೋ ಬಿಟ್ಟುಹೋಗಿದೆ ಕಣಮ್ಮ,” ಎಂದರು ವಿಭಾಗದ ಮುಖ್ಯಸ್ಥರು. “ಸೋಮವಾರದ ಹೊತ್ತಿಗೆ ಸರಿಹೋಗದಿದ್ರೆ ಅದನ್ನ ಪಕ್ಕಕ್ಕಿಟ್ಟು ಮುಂದೆ ಹೋಗೋಣ.”

ಶುಕ್ರವಾರ ಸಂಜೆ ಆ ಮೋಟಾರನ್ನೇ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಅಮ್ಮ ಫ್ಯಾನ್ ಕಾರ್ಖಾನೆಯ ವೈಂಡಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ತಂತಿ ಸುತ್ತಿ ನಿವೃತ್ತಳಾದವಳು. ಬೆರಳ ತುದಿಗಳು ಸವೆದು ನುಣುಪಾಗಿದ್ದವು.

“ಏನೇ, ಮುಖ ಊದಿಸ್ಕೊಂಡು ಕೂತಿದೀಯ?”

ಅವಳು ಎಲ್ಲ ಹೇಳಿಕೊಂಡಳು. ಅಮ್ಮ ಮೋಟಾರನ್ನು ಮಡಿಲಲ್ಲಿಟ್ಟುಕೊಂಡಳು. ಹೊರಗೆ ಚಾಚಿದ್ದ ಕೆಂಪು, ನೀಲಿ, ಹಳದಿ ತಂತಿಗಳಲ್ಲಿ ಎರಡರ ತುದಿ ಸೇರಿಸಿ ಹೊಸೆದು ನಡುವಿನ ಅಚ್ಚನ್ನು ಕೈಯಿಂದ ತಿರುಗಿಸಿದಳು. ಬಿಚ್ಚಿ ಇನ್ನೊಂದು ಜೋಡಿ ಹೊಸೆದಳು. ಆಮೇಲೆ ಮತ್ತೊಂದು. ಮೊದಲಿನಿಂದ ಮತ್ತೆ ಒಂದು ಸರ್ತಿ, ಈ ಸಲ ಕಣ್ಣು ಮುಚ್ಚಿಕೊಂಡು.

“ಕೆಂಪು, ನೀಲಿ ಸೇರಿದ್ರೆ ತಿರುಗಿಸೋವಾಗ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಹಳದಿ ಸೇರಿದಾಗೆಲ್ಲ ಸಡಿಲ. ಹಳದೀಲಿ ಸುತ್ತು ಕಮ್ಮಿ ಹಾಕಿದಾರೆ.”

“ಅದು ಕೈಗೆ ಗೊತ್ತಾಗುತ್ತಾ ಅಮ್ಮ?”

“ನಿನಗೆ ಕಾಗದದ ಮೇಲೆ ಗೊತ್ತಾಗಲ್ವಾ? ಹಾಗೇ.”

ಮೋಟಾರು ಕಳಿಸಿದವರ ಪತ್ರದಲ್ಲಿ ಮೂರು ಸುರುಳಿಗಳೂ ಒಂದೇ ಎಂದಿತ್ತು. ಅದನ್ನು ನಂಬಿ ಅವಳು ಮಾದರಿಯಲ್ಲಿ ಮೂರಕ್ಕೂ ಒಂದೇ ಅಂಕಿ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಬೀಗದ ಕೈ ಇಸಿದುಕೊಂಡು ಕಾರ್ಖಾನೆಗೆ ಹೋದಳು. ಅಚ್ಚಿಗೆ ಡ್ರಿಲ್ ಕಚ್ಚಿಸಿ ತಿರುಗಿಸಿ ಪ್ರತಿ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜನ್ನು ಅಳೆದಳು. ಹಳದಿಯದು ಶೇಕಡಾ ಹನ್ನೆರಡು ಕಮ್ಮಿ. ಮಾದರಿಯಲ್ಲಿ ಬೇರೇನನ್ನೂ ಮುಟ್ಟದೆ ಹಳದಿ ಸುರುಳಿಯ ಅಂಕಿಗಳನ್ನಷ್ಟೇ ತಿದ್ದಿ ಓಡಿಸಿದಳು. ಪರದೆಯ ಗೆರೆ ಕುಣಿಯಿತು. ಪರೀಕ್ಷೆಯ ಗೆರೆಯನ್ನು ಅದರ ಮೇಲಿಟ್ಟಳು. ಎರಡೂ ಒಂದರ ಮೇಲೊಂದು ಕೂತವು.

ಸೋಮವಾರ ಮುಖ್ಯಸ್ಥರ ಎದುರಿಗೇ ಅದೇ ಮೋಟಾರನ್ನು ಬಿಚ್ಚಿ ಎಣಿಸಿದರು. ಹಳದಿ ಸುರುಳಿಯಲ್ಲಿ ಇಪ್ಪತ್ತೈದು ಸುತ್ತಿರಬೇಕಾದ ಕಡೆ ಇಪ್ಪತ್ತೆರಡಿತ್ತು. ಬಂದಿದ್ದ ಅರವತ್ತರಲ್ಲಿ ಹದಿನೇಳು ಹಾಗೇ ಇದ್ದು, ವಾಪಸು ಹೋದವು.

“ತಪ್ಪಿದ್ದು ಮೋಟಾರು, ನಿನ್ನ ಮಾದರಿಯಲ್ಲ,” ಎಂದರು ಅವರು. “ನಾನೇ ಅವಸರ ಮಾಡಿದೆ. ಆದ್ರೆ ಇದು ನಿನಗೆ ಹೊಳೆದದ್ದು ಹೇಗೆ?”

“ನನಗಲ್ಲ ಸಾರ್, ನಮ್ಮಮ್ಮಂಗೆ.”

ವರದಿಯಲ್ಲೂ ಹಾಗೆಯೇ ಬರೆದಳು: ದೋಷ ಗುರುತಿಸಿದವರು, ಫ್ಯಾನ್ ಕಾರ್ಖಾನೆಯ ನಿವೃತ್ತ ವೈಂಡಿಂಗ್ ಕೆಲಸಗಾರ್ತಿ. ಅದನ್ನು ಓದಿದ ಮುಖ್ಯಸ್ಥರು ಅಮ್ಮನನ್ನು ಕರೆತರಲು ಹೇಳಿದರು.

ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಮಗಳ ಕುರ್ಚಿಯಲ್ಲಿ ಕೂತಳು. ಪರದೆಯನ್ನು ಬಹಳ ಹೊತ್ತು ನೋಡಿದಳು.

“ಹಳದೀದು ಸರಿಮಾಡಿ ಕೆಂಪಲ್ಲಿ ಐದು ಸುತ್ತು ತೆಗಿ, ನೋಡೋಣ. ಅಲೆ ಇನ್ನೂ ದೊಡ್ಡದಾಗ್ಬೇಕು,” ಎಂದು ಕೈಯಿಂದ ಗಾಳಿಯಲ್ಲಿ ಎತ್ತರ ತೋರಿಸಿದಳು.

ಮಗಳು ಅಂಕಿಗಳನ್ನು ತಿದ್ದಿ ಕೀಲಿ ಒತ್ತಿದಳು. ಗೆರೆ ಏಳುತ್ತಾ ಹೆಚ್ಚುಕಮ್ಮಿ ಆ ಕೈಯ ಎತ್ತರಕ್ಕೇ ಬಂತು. ಹಿಂದೆ ನಿಂತವರಲ್ಲಿ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು.

“ಇಷ್ಟು ವರ್ಷ ಸುತ್ತಿದೀನಿ. ಒಳಗೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದು ಇವತ್ತೇ,” ಎಂದಳು ಅಮ್ಮ. ಆಮೇಲೆ ಹಿಂದಕ್ಕೆ ತಿರುಗಿ, ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಹೇಳಿದಳು: “ಇವಳು ನನ್ನ ಮಗಳು.”