ನೀಲಿ ಮುಚ್ಚಳದ ಹೆಸರು

“ಹೆಸರು ಹೇಳಮ್ಮ. ಆ ಈಜುಕೊಳದ ನೀರಿಗೆ ಏನೇನು ಹಾಕ್ತೀಯ? ಹೆಸರು ಬೇಕು ನಂಗೆ.”

“ಕೆಂಪು ಮುಚ್ಚಳದ್ದು ಒಂದು ಹಾಕ್ತೀನಿ ಡಾಕ್ಟರಮ್ಮ. ಬಿಳಿ ಮುಚ್ಚಳದ್ದು ಒಂದು. ಆಮೇಲೆ ನೀಲಿ ಮುಚ್ಚಳದ್ದು.”

“ಮಗು ಮುಚ್ಚಳ ಕುಡಿದಿಲ್ಲಮ್ಮ. ಡಬ್ಬದೊಳಗೆ ಇದ್ದದ್ದನ್ನ ಕುಡಿದಿದೆ.”

ಹನಿಯಕ್ಕ ತಲೆ ತಗ್ಗಿಸಿದಳು. ಹನ್ನೊಂದು ವರ್ಷ ಆ ಡಬ್ಬಗಳನ್ನು ಹೊತ್ತವಳು, ಅಳೆದವಳು, ಸುರಿದವಳು. ಒಂದರ ಮೇಲೂ ಚೀಟಿ ಇರುತ್ತಿರಲಿಲ್ಲ. ಡಬ್ಬ ಬಂಗಲೆಯೊಳಕ್ಕೆ ಬರುವ ಮೊದಲೇ ಮೇನೇಜರು ಚೀಟಿ ಕಿತ್ತುಹಾಕುತ್ತಿದ್ದ. ಏನು ಮಾಲು, ಎಲ್ಲಿ ಸಿಗುತ್ತದೆ ಅಂತ ಕೆಲಸದವರಿಗೆ ಗೊತ್ತಾದರೆ ನಾಳೆ ಅವರೇ ಕೊಂಡು ತಂದು ಪಕ್ಕದ ಬಂಗಲೆಗಳಲ್ಲಿ ಸ್ವಂತ ಕೆಲಸ ಹಿಡಿದಾರು ಅಂತ ಅವನ ಭಯ. ‘ಮುಚ್ಚಳದ ಬಣ್ಣ ಗೊತ್ತಿದ್ರೆ ಸಾಕು ನಿಂಗೆ’ ಅನ್ನುತ್ತಿದ್ದ. ಅವಳಿಗೂ ಅಷ್ಟೇ ಸಾಕಾಗಿತ್ತು.

“ಕೆಂಪು ಮೂಗಿಗೆ ಹೊಡಿಯುತ್ತೆ ಅಂದೆ. ಅದು ಕ್ಲೋರಿನ್ನು. ಬಿಳೀದು ಕೈ ಸುಡುತ್ತೆ ಅಂದೆ, ಆಸಿಡ್ಡು. ಅವೆರಡು ಬಿಡು. ನೀಲೀದು ಯಾತಕ್ಕೆ ಹಾಕೋದು?”

“ಪಾಚಿ ಸಾಯಲಿ ಅಂತ. ನೋಡೋಕೂ ನೀಲಿನೇ ಡಾಕ್ಟರಮ್ಮ, ನೀರಿನ ಥರಾ ಇರುತ್ತೆ.”

“ಪಾಚಿ ಸಾಯಿಸೋಕೆ ಹತ್ತು ಥರದ್ದು ಸಿಗುತ್ತೆ. ಹತ್ತಕ್ಕೂ ನೀಲಿ ಬಣ್ಣ ಕಲಸ್ತಾರೆ.”

ಡಾಕ್ಟರಮ್ಮ ಕೆಟ್ಟವಳಲ್ಲ. ಬೆಳಗಿನಿಂದ ಕೂತಿಲ್ಲ, ನೀರು ಕುಡಿದಿಲ್ಲ. ಆ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಎರಡೆರಡು ಮಕ್ಕಳು. ಅದರಲ್ಲಿ ಆರು, ಬಂಗಲೆಯ ಹಿಂದಿನ ಸಾಲಿನವು. ಐದು ವಾಂತಿ ಮಾಡಿಕೊಂಡು ಸೋತು ಮಲಗಿದ್ದವು. ಆರನೆಯದು ಹನಿಯಕ್ಕನ ಮೊಮ್ಮಗಳು ಚೂಟಿ. ಐದು ವರ್ಷದ ಕೂಸು. ಕಣ್ಣು ಅರಿಸಿನವಾಗಿತ್ತು. ಉಚ್ಚೆ ಕಪ್ಪು ಚಹಾದ ಹಾಗೆ ಹೋಗುತ್ತಿತ್ತು. ಮೊನ್ನೆ ತನಕ ಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚದ ಮಗು, ಈಗ ಅಜ್ಜಿ ಕೂಗಿದರೂ ಕಣ್ಣು ತಿರುಗಿಸಲಿಲ್ಲ.

“ನೀರನ್ನ ಪರೀಕ್ಷೆಗೆ ಕಳಿಸಿದೀನಿ. ಉತ್ತರ ಬರೋಕೆ ಮೂರು ದಿನ. ಈ ಮಗು ಹತ್ರ ಮೂರು ದಿನ ಇಲ್ಲಮ್ಮ. ಒಂದೊಂದು ವಿಷಕ್ಕೆ ಒಂದೊಂದು ಮದ್ದು. ಕುರುಡು ಧೈರ್ಯದಲ್ಲಿ ಕೊಟ್ರೆ ನಾನೇ ಕೊಂದ ಹಾಗೆ. ಹೋಗು. ಹೇಗಾದ್ರೂ ಮಾಡಿ ಹೆಸರು ತಿಳ್ಕೊಂಡು ಫೋನ್ ಮಾಡು.”

ಮಂಚದ ಕಾಲ ಹತ್ತಿರ ಹನಿಯಕ್ಕನ ಮಗಳು, ಚೂಟಿಯ ತಾಯಿ, ಕೂತಿದ್ದಳು, ಕೂಸಿನ ಪಾದ ಹಿಡಿದುಕೊಂಡು. ತಲೆ ಎತ್ತಿ ಹನಿಯಕ್ಕನನ್ನು ನೋಡಿದಳು.

“ಅಮ್ಮ, ಕುಡೀಬಹುದು ಅಂತ ನೀನೇ ಅಂದೆ.”

ಅಷ್ಟೇ ಅಂದದ್ದು. ಬೈದಿದ್ದರೆ ಹನಿಯಕ್ಕ ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು.

ನಿಜ, ಅವಳೇ ಅಂದಿದ್ದಳು.

ಹನಿಯಕ್ಕ ಅನ್ನೋ ಹೆಸರು ಅವಳಿಗೆ ಕೊಳದಿಂದಲೇ ಬಂದದ್ದು. ದಿನಾ ಬೆಳಿಗ್ಗೆ ಎರಡು ಗಾಜಿನ ಕೊಳವೆಯಲ್ಲಿ ಗೆರೆ ಮುಟ್ಟುವಷ್ಟು ನೀರು ತುಂಬುತ್ತಿದ್ದಳು. ಒಂದಕ್ಕೆ ಈ ಸೀಸೆಯಿಂದ ಐದು ಹನಿ, ಇನ್ನೊಂದಕ್ಕೆ ಆ ಸೀಸೆಯಿಂದ ಐದು ಹನಿ. ಒಂದು ಹಳದಿಗೆ ತಿರುಗಿದರೆ ಕೆಂಪು ಮುಚ್ಚಳದ್ದು ಎಷ್ಟಿದೆ ಅಂತ ಲೆಕ್ಕ. ಇನ್ನೊಂದು ಎಷ್ಟು ಕೆಂಪಾಯಿತು ಅನ್ನೋದರ ಮೇಲೆ ನೀರು ಹುಳಿಯೋ ಒಗರೋ ಅಂತ ಲೆಕ್ಕ. ಹುಳಿಯಾದರೆ ಸೋಡಾಪುಡಿ, ಒಗರಾದರೆ ಬಿಳಿ ಮುಚ್ಚಳದ್ದು. ಹೆಚ್ಚಾದರೆ ಬಂಗಲೆಯ ಅಮ್ಮಾವ್ರ ಮಕ್ಕಳ ಕಣ್ಣು ಉರಿಯುತ್ತದೆ, ಕಮ್ಮಿಯಾದರೆ ಪಾಚಿ ಕಟ್ಟುತ್ತದೆ. ಆ ಮಕ್ಕಳ ಕಣ್ಣು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಉರಿಯಲಿಲ್ಲ. ಉರಿದದ್ದೆಲ್ಲ ಹನಿಯಕ್ಕನ ಕಣ್ಣು, ಸುಲಿದದ್ದೆಲ್ಲ ಅವಳ ಕೈ.

ಬಂಗಲೆಯ ಹಿಂದೆ ಗೋಡೆ. ಗೋಡೆಯಾಚೆ ಮೂವತ್ತು ಮನೆಗಳ ಸಾಲು. ಆ ಸಾಲಿಗೆ ಒಂದೇ ನಲ್ಲಿ, ಅದೂ ಹನ್ನೆರಡು ದಿನದಿಂದ ಬರೀ ಗಾಳಿ ಉಗುಳುತ್ತಿತ್ತು. ಕೊಳ ಖಾಲಿ ಮಾಡಬೇಕಾದಾಗ ಆ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಲಾರಿ ಕರೆಸಿ ಸಾಗಿಸಬೇಕು ಅಂತ ಊರಿನ ಕಾನೂನು. ಲಾರಿಗೆ ಯಾರು ತೆರುತ್ತಾರೆ? ಗೋಡೆ ಮೇಲಿಂದ ಪೈಪು ಇಳಿಬಿಟ್ಟರೆ ಆಯಿತು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು! ಹಿಂದಿನ ಸಾಲಿನ ತೊಟ್ಟಿ ತುಂಬುತ್ತಿತ್ತು, ಅಮ್ಮಾವ್ರಿಗೆ ಪುಣ್ಯ ಬರುತ್ತಿತ್ತು. ಆ ಋಣಕ್ಕೆ ಸಾಲಿನ ಹೆಂಗಸರು ಹಿಂಬಾಗಿಲಿಂದ ಹೋಗಿ ಬಂಗಲೆಯ ಮುಂದಿನ ಹುಲ್ಲಿನಲ್ಲಿ ಕಳೆ ಕಿತ್ತುಕೊಡುತ್ತಿದ್ದರು. ದಾನ ಅಂದರೆ ಹೀಗಿರಬೇಕು ನೋಡಿ, ಕೊಟ್ಟವರಿಗೇ ಲಾಭ.

ಹೋದ ತಿಂಗಳು ಅಮ್ಮಾವ್ರ ಮನೆಯವರೆಲ್ಲ ಎಲ್ಲಿಗೋ ಹೋಗಿದ್ದರು. ಕೆಂಪು ಮುಚ್ಚಳದ್ದು ಮುಗಿದರೂ ಮೇನೇಜರು ತರಿಸಲಿಲ್ಲ. ಕೊಳ ಹಸಿರಾಯಿತು. ಅವರು ಬರುವ ಹಿಂದಿನ ದಿನ ಓಡಿಬಂದು ಕೆಂಪು ಮುಚ್ಚಳದ್ದರ ಜೊತೆ ನಾಲ್ಕು ನೀಲಿ ಡಬ್ಬ ಇಟ್ಟ.

“ಎಲ್ಲಾ ಸುರಿ.”

“ನೀಲೀದು ತಿಂಗಳಿಗೆ ಒಂದು ಲೋಟ ಹಾಕೋದಲ್ವಾ ಸಾರ್? ನಾಲ್ಕು ಡಬ್ಬಾನಾ?”

“ಸುರಿ ಅಂದ್ರೆ ಸುರಿ. ಕೊಳ ನಿಂದಾ ನಂದಾ?”

ಸುರಿದಳು. ಪಾಚಿ ಸತ್ತಿತು. ಆದರೆ ಕೊಳದ ತಳದ ಟೈಲು ಬಿಲ್ಲೆಗಳ ಮೇಲೆಲ್ಲ ಕಲೆ ಕೂತಿತು. ಅಮ್ಮಾವ್ರು ಮುಖ ಸಿಂಡರಿಸಿ, ಮೇನೇಜರನ್ನು ಒಳಗೆ ಕರೆದು ವಿಚಾರಿಸಿ, ಕೊಳ ಖಾಲಿ ಮಾಡಿ ಬಿಲ್ಲೆ ಉಜ್ಜಿಸಿ ಅಂದರು. ಮೊನ್ನೆ ಅರ್ಧ ನೀರು ಗೋಡೆಯಾಚೆ ಹೋಯಿತು.

ಬಿಡುವ ಮೊದಲು ಹನಿಯಕ್ಕ ತನ್ನ ಬುದ್ಧಿ ಓಡಿಸಿದ್ದಳು. ಎರಡು ದಿನ ಕೆಂಪು ಮುಚ್ಚಳ ಮುಟ್ಟದೆ ನೀರನ್ನು ಬಿಸಿಲಿಗೆ ಬಿಟ್ಟಳು. ವಾಸನೆ ಹೋಯಿತು. ಐದು ಹನಿ ಹಾಕಿದಳು, ಹಳದಿ ಬರಲಿಲ್ಲ. ಇನ್ನೊಂದಕ್ಕೆ ಐದು ಹನಿ, ಹುಳಿಯೂ ಇಲ್ಲ ಒಗರೂ ಇಲ್ಲ. ಸಾಲಿನ ಹೆಂಗಸರು ಕೊಡ ಹಿಡಿದು ನಿಂತಿದ್ದರು. “ಕುಡೀಬಹುದಾ ಅಕ್ಕ?” ಅಂದರು. “ನಾನು ನೋಡಿದೀನಿ, ಕುಡೀರಿ” ಅಂದಳು. ಎರಡು ಸೀಸೆ ಹೇಳಿದ್ದನ್ನೇ ನಂಬಿದಳು. ನೀಲಿ ಮುಚ್ಚಳದ್ದನ್ನು ಹೇಳುವ ಸೀಸೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅಂಥದ್ದೊಂದು ಬೇಕು ಅಂತಲೂ ಗೊತ್ತಿರಲಿಲ್ಲ. ಈಗ ನೆನೆಸಿಕೊಂಡರೆ ತನ್ನ ನಾಲಿಗೆಯನ್ನೇ ಕಿತ್ತುಹಾಕಬೇಕು ಅನ್ನಿಸುತ್ತಿತ್ತು.

ಬಂಗಲೆಗೆ ಹೋದಾಗ ಮೇನೇಜರು ಕೊಳದ ಕಟ್ಟೆ ಮೇಲೆ ನಿಂತು ಗಡಿಯಾರ ನೋಡುತ್ತಿದ್ದ.

“ಎಲ್ಲಿ ಹಾಳಾಗಿ ಹೋಗಿದ್ದೆ? ಬಿಲ್ಲೆ ಉಜ್ಜೋರು ಮಧ್ಯಾಹ್ನ ಬರ್ತಾರೆ. ಉಳಿದರ್ಧ ಬಿಡು, ಪಂಪು ಹಾಕು.”

“ಸಾರ್, ಮೊಮ್ಮಗಳು ಆಸ್ಪತ್ರೇಲಿದೆ. ನಮ್ಮ ಸಾಲಿನ ಆರು ಮಕ್ಕಳು. ನೀಲಿ ಡಬ್ಬದ್ದು ಏನು ಅಂತ ಹೇಳಿಬಿಡಿ ಸಾರ್. ಡಾಕ್ಟರಮ್ಮ ಕೇಳ್ತಿದಾರೆ. ಹೆಸರೊಂದು ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಬಿದ್ದೂ ಬಿಟ್ಟಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

“ಯಾವ ನೀಲಿ ಡಬ್ಬ? ನೀಲಿ ಡಬ್ಬ ಅನ್ನೋದೇ ಇಲ್ಲ ಇಲ್ಲಿ.”

“ನಾನೇ ಸುರಿದೆನಲ್ಲ ಸಾರ್!”

“ಏನು ಸುರಿದ್ಯೋ ನಂಗೇನು ಗೊತ್ತು? ಮತ್ತೆ, ಆ ನೀರು ಕುಡೀರಿ ಅಂತ ನಿಮಗ್ಯಾರು ಹೇಳಿದ್ದು?” ಒಳಗೆ ಹೋಗಿ ಒಂದು ಪುಸ್ತಕ ತಂದ. “ಓದು. ನಿನ್ನ ಸಹಿನೇ ತಾನೆ?”

ಪ್ರತಿ ಸಲ ನೀರು ಬಿಡುವಾಗ ಅವನು ಸಹಿ ಹಾಕಿಸುತ್ತಿದ್ದ. ಮೇಲಿನ ಸಾಲಿನ ಮೇಲೆ ಅಂಗೈ ಇಟ್ಟು, ಕೆಳಗೆ ಬೆರಳು ತೋರಿಸುತ್ತಿದ್ದ. ಓದುವ ಪುರುಸೊತ್ತು ಯಾರು ಕೊಟ್ಟಿದ್ದರು? ಈಗ ಹನಿಯಕ್ಕ ಅಕ್ಷರ ಕೂಡಿಸಿ ಓದಿದಳು. ‘ತೋಟಕ್ಕೆ ಹಾಕಿಕೊಳ್ಳಲು ನೀರು ಪಡೆದಿರುತ್ತೇವೆ.’ ಅದರ ಕೆಳಗೆ ಅವಳ ಸೊಟ್ಟ ಸಹಿ, ಹನ್ನೊಂದು ವರ್ಷದ್ದು, ಪುಟಪುಟಕ್ಕೂ.

ಗಲಾಟೆ ಕೇಳಿ ಅಮ್ಮಾವ್ರು ಬಾಗಿಲಿಗೆ ಬಂದರು. ಹನಿಯಕ್ಕ ಅವರಿಗೂ ಕೈ ಮುಗಿದು ಎಲ್ಲ ಹೇಳಿದಳು.

“ಅಯ್ಯೋ ಪಾಪ” ಅಂದರು ಅಮ್ಮಾವ್ರು. “ಆದ್ರೆ ನೀರಿಂದ ಆಗಿದ್ದಲ್ಲ ಬಿಡು. ನಮ್ಮ ಮಕ್ಕಳು ಈಜೋ ನೀರು ಅದು. ಏನೂ ಇರಲ್ಲ ಅದ್ರಲ್ಲಿ, ಶುದ್ಧವಾದ ನೀರು. ನಿಮ್ಮ ಕಡೆ ಪಾತ್ರೆ ಸರಿಯಾಗಿ ತೊಳೆಯಲ್ಲ, ಅದಕ್ಕೆ ಹಿಂಗಾಗುತ್ತೆ. ಮೊದಲು ಪಂಪು ಹಾಕು, ಆಮೇಲೆ ರಜಾ ತಗೋ.”

ಹನಿಯಕ್ಕನಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಪಂಪು ಹಾಕದೆ ಹಿಂದಕ್ಕೆ ತಿರುಗಿದಳು.

ಸಾಲಿಗೆ ಬಂದಳು. ಮೂವತ್ತು ಮನೆಯ ಹೆಂಗಸರು ತೊಟ್ಟಿಯ ಸುತ್ತ ನೆರೆದಿದ್ದರು. ತಮ್ಮ ಮಕ್ಕಳನ್ನು ಸಾಯಿಸಹೋದವಳು ಇವಳೇ ಅಂತ ಹರಿದು ತಿನ್ನುತ್ತಾರೆ ಅಂದುಕೊಂಡಳು. ಒಬ್ಬಳು ಕೈ ಎತ್ತಿದಳು ಕೂಡ. ಗಟ್ಟಿಬಾಯಿ ಅಜ್ಜಿ ತಡೆದಳು.

“ಇವಳ ಮನೆ ಕೂಸೂ ಅಲ್ಲೇ ಮಲಗಿದೆ ಕಣ್ರೇ. ವಿಷ ಅಂತ ಗೊತ್ತಿದ್ರೆ ಸ್ವಂತ ಮೊಮ್ಮಗಳಿಗೆ ಕುಡಿಸ್ತಿದ್ಲಾ? ಅಲ್ಲಿ ಏನಂದ್ರು ಹೇಳೇ.”

ಹನಿಯಕ್ಕ ಹೇಳಿದಳು. ಪುಸ್ತಕದಲ್ಲಿ ಏನು ಬರೆದಿತ್ತು ಅನ್ನೋದನ್ನೂ ಹೇಳಿದಳು.

“ತೋಟಕ್ಕಾ!” ಅಜ್ಜಿ ನೆಲಕ್ಕೆ ಉಗಿದಳು. “ಕಾಲು ಚಾಚಿ ಮಲಗೋಕೆ ಜಾಗ ಇಲ್ಲದೋರಿಗೆ ಯಾವ ತೋಟವೇ? ನಾನು ಕಂಡಿರೋ ತೋಟ ಅಂದ್ರೆ ಆ ಬಂಗಲೆಯವಳ ಮನೆ ಮುಂದಿನ ಹುಲ್ಲೊಂದೇ. ಸೊಂಟ ಬಿದ್ದುಹೋಗೋ ಹಂಗೆ ಕಳೆ ಕಿತ್ತಿದೀನಿ ಅಲ್ಲಿ. ತೋಟಕ್ಕೆ ಅಂತ ಬರೆದಿದ್ರೆ ತೋಟಕ್ಕೇ ಬಿಡೋಣ ನಡೀರಿ.”

ಎಲ್ಲರೂ ಎದ್ದರು.

ಕಳೆ ಕೀಳಲು ಹೋಗುತ್ತಿದ್ದ ಹಿಂಬಾಗಿಲಿಂದಲೇ ಹೋದರು. ಕಾವಲಿನವನು ಅದೇ ಸಾಲಿನವನು, ಅವನ ತಂಗಿ ಮಗನೂ ಆಸ್ಪತ್ರೆಯಲ್ಲಿದ್ದ. ಅವನು ಮುಖ ಆ ಕಡೆ ತಿರುಗಿಸಿಕೊಂಡು ನಿಂತ. ಗೋಡೆ ಮೇಲಿದ್ದ ಪೈಪನ್ನು ಹೆಂಗಸರು ಕೆಳಗೆಳೆದರು. ತೋಳಿನಷ್ಟು ದಪ್ಪದ ಪೈಪು, ಏಳೆಂಟು ಜನ ಹೊತ್ತುಕೊಂಡು ಬಂಗಲೆಯ ಮುಂದಕ್ಕೆ ನಡೆದರು. ಹನಿಯಕ್ಕ ಕೊಳದ ಹತ್ತಿರ ಹೋದಳು. ಪಂಪು ಹಾಕು ಅಂತ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರಲ್ಲ. ಹಾಕಿದಳು.

ನೀರು ಭೋರ್ರೆಂದು ಹುಲ್ಲಿನ ಮೇಲೆ ಬಿತ್ತು.

ಮೇನೇಜರು ಅರ್ಧ ಊಟ ಬಿಟ್ಟು ಎಂಜಲುಗೈಯಲ್ಲಿ ಓಡಿಬಂದ. ಅವನ ಹಿಂದೆ ಅಮ್ಮಾವ್ರು. ಅವರು ಅಷ್ಟು ಜೋರಾಗಿ ಓಡುವುದನ್ನು ಹನಿಯಕ್ಕ ಯಾವತ್ತೂ ನೋಡಿರಲಿಲ್ಲ.

“ನಿಲ್ಲಿಸ್ರೇ! ಹುಲ್ಲು ಹಾಳಾಗುತ್ತೆ! ಎಲ್ಲಾ ಸುಟ್ಟುಹೋಗುತ್ತೆ!”

“ಯಾಕೆ ಸುಟ್ಟುಹೋಗುತ್ತೆ ಅಮ್ಮಾವ್ರೇ?” ಹನಿಯಕ್ಕ ಪಂಪಿನ ಕಡೆಯಿಂದ ಬಂದಳು. “ಶುದ್ಧವಾದ ನೀರಲ್ವಾ? ಏನೂ ಇಲ್ವಲ್ಲ ಇದ್ರಲ್ಲಿ.”

“ಮೈಲುತುತ್ತ ಕಣೇ!” ಅಮ್ಮಾವ್ರು ಕಿರುಚಿದರು. “ನಾಲ್ಕು ಡಬ್ಬ ಮೈಲುತುತ್ತ ಇದೆ ಅದ್ರಲ್ಲಿ! ಹೋದ ವರ್ಷ ಒಂದು ಬಕೆಟ್ ಚೆಲ್ಲಿದ್ದಕ್ಕೆ ಒಂದು ಮೂಲೆ ಪೂರ್ತಿ ಸತ್ತುಹೋಗಿತ್ತು! ಸುರಿದೋಳು ನೀನೇ ತಾನೆ, ನಿಂಗೆ ಗೊತ್ತಿಲ್ವೇನೇ?”

ಮೇನೇಜರು ಎಂಜಲುಗೈಯನ್ನು ಹಣೆಗೆ ಬಡಿದುಕೊಂಡ.

ಮೈಲುತುತ್ತ. ಯಾರೋ ಅದನ್ನು ಕುಡಿದು ಸತ್ತರು ಅಂತ ಹನಿಯಕ್ಕ ಚಿಕ್ಕಂದಿನಿಂದ ಕೇಳಿದ್ದ ಹೆಸರು. ಅದನ್ನು ತನ್ನ ಕೈಯಾರೆ ಸುರಿದು, ತನ್ನ ಬಾಯಾರೆ ಕುಡೀರಿ ಅಂದಿದ್ದಳು. ಹುಲ್ಲಿನ ಮೇಲೆ ಕುಸಿದು ಕೂತೇ ಫೋನು ಒತ್ತಿದಳು.

“ಮಗಳೇ, ಡಾಕ್ಟರಮ್ಮಂಗೆ ಕೊಡು. ಬೇಗ ಕೊಡೇ.” ಡಾಕ್ಟರಮ್ಮ ಫೋನಿಗೆ ಬಂದಳು. “ಡಾಕ್ಟರಮ್ಮ, ಮೈಲುತುತ್ತ. ನೀಲೀದು ಮೈಲುತುತ್ತ. ನಾಲ್ಕು ಡಬ್ಬ.”

“ಖಚಿತಾನಾ? ಯಾರು ಹೇಳಿದ್ದು?”

“ಕೊಳ ಯಾರದ್ದೋ ಅವರೇ ಹೇಳಿದ್ರು. ಮೂವತ್ತು ಜನ ಕೇಳಿಸ್ಕೊಂಡಿದೀವಿ.”

ಆ ಕಡೆ ಡಾಕ್ಟರಮ್ಮ ಯಾರನ್ನೋ ಕೂಗಿ ಯಾವುದೋ ಮದ್ದಿನ ಹೆಸರು ಹೇಳಿದ್ದು ಕೇಳಿಸಿತು. “ಆರು ಮಕ್ಕಳಿಗೂ ಈಗಲೇ ಶುರುಮಾಡ್ತೀನಿ. ಚೂಟಿದು ಈಗಲೇ ಏನೂ ಹೇಳೋಕಾಗಲ್ಲಮ್ಮ, ತಡವಾಗಿದೆ” ಅಂದಳು. ಫೋನು ಕಟ್ಟಾಯಿತು.

ಮೇನೇಜರು ಪಂಪಿನ ಕಡೆ ಓಡಿದ. ಗಟ್ಟಿಬಾಯಿ ಅಜ್ಜಿ ಅವನಿಗಿಂತ ಮೊದಲೇ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಪಕ್ಕ ಇನ್ನಿಬ್ಬರು, ಅವರ ಪಕ್ಕ ಇನ್ನೂ ಐವರು.

“ಪೊಲೀಸರನ್ನ ಕರೀತೀನಿ!” ಅಂದ.

“ಕರಿ. ಅವರು ಬಂದು ನೀರು ನೋಡಲಿ. ಖಾಲಿ ಆಗೋಕೆ ಮುಂಚೆ ಬರೋಕೆ ಹೇಳು.”

ಪೈಪು ಹಿಡಿದಿದ್ದವರಲ್ಲಿ ಐದು ಜನ ಆಸ್ಪತ್ರೆಯಲ್ಲಿದ್ದ ಮಕ್ಕಳ ಮನೆಯವರು. ಸೀರೆ ತೊಯ್ದು ಕಾಲಿಗೆ ಅಂಟಿತ್ತು, ಒಬ್ಬರೂ ಬಿಡಲಿಲ್ಲ. ಹನಿಯಕ್ಕ ಎದ್ದು ಹೋಗಿ ಆರನೆಯವಳಾಗಿ ಕೈ ಕೊಟ್ಟಳು.

ಅಮ್ಮಾವ್ರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತಿದ್ದರು. ಎರಡೂ ಅಂಗೈಯಲ್ಲಿ ನೀರನ್ನು ಆಚೆ ತಳ್ಳುತ್ತಿದ್ದರು. ತಳ್ಳಿದಷ್ಟೂ ಬರುತ್ತಿತ್ತು. “ನನ್ನ ಹುಲ್ಲು, ಎಷ್ಟು ಕಷ್ಟಪಟ್ಟು ಬೆಳೆಸಿದ್ದೆ” ಅಂತ ಅಳುತ್ತಿದ್ದರು, ನಿಜವಾಗಿಯೂ ಅಳುತ್ತಿದ್ದರು. ಮಕ್ಕಳು ಹೇಗಿದ್ದಾವೆ ಅಂತ ಮಾತ್ರ ಅಷ್ಟು ಹೊತ್ತಾದರೂ ಕೇಳಲಿಲ್ಲ.