ಗೋಡೆಯೊಳಗಿನ ಹೋರಿ

ನಮ್ಮ ಸುಕುರ್ ಗುಡ್ಡದಲ್ಲಿ ಹೋರಿಯನ್ನು ಕೊಬ್ಬಿಸುವುದು ಹೀಗೆ: ಕರುವಾಗಿದ್ದಾಗಲೇ ಕಲ್ಲಿನ ಕೊಟ್ಟಿಗೆಯೊಳಕ್ಕೆ ಬಿಟ್ಟು, ಕಿಂಡಿಯಲ್ಲಿ ಹುಲ್ಲು ನೀರು ಕೊಡುತ್ತೇವೆ. ಬೆಳೆದ ಮೇಲೆ ಅದು ಬಾಗಿಲಲ್ಲಿ ಹಿಡಿಸುವುದಿಲ್ಲ. ಹೊರಗೆ ತರಬೇಕಾದರೆ ಗೋಡೆಯನ್ನೇ ಕೆಡವಬೇಕು.

ತೀರಿಹೋದ ಅಪ್ಪನ ಹೆಸರಿನ ಊಟಕ್ಕೆ ಹೋರಿ ಕೊಡುತ್ತೇನೆಂದು ನನ್ನ ನೆರೆಮನೆಯ ತಿಝೆ ಊರಿಗೆಲ್ಲ ಸಾರಿದ್ದ. ನಾನು ಜೋಳದ ಹೆಂಡವನ್ನು ಮಡಕೆಗಳಿಗೆ ತುಂಬಿಯೂ ಆಗಿತ್ತು. ಬೆಳಗಾದರೆ ನೆಂಟರು ಗುಡ್ಡ ಹತ್ತಿ ಬರುವವರು. ತಿಝೆ ಗೋಡೆಯ ಮೊದಲ ಕಲ್ಲಿಗೆ ಕೈ ಹಾಕಿದ್ದೇ ತಡ, ತೇರಿ ಸೀಟಿ ಊದುತ್ತ ಓಡಿಬಂದ. ಗುಡ್ಡದ ಹಳೆಯ ಗೋಡೆಗಳನ್ನು ಕಾಯಲು ಸರ್ಕಾರ ಹೊಸದಾಗಿ ನೇಮಿಸಿದ್ದ ಕಾವಲುಗಾರ ಅವನು. ತಿಝೆಯ ತಂಗಿಯ ಮಗನೇ.

"ಮಾವ, ಕಲ್ಲು ಮುಟ್ಟಬೇಡ! ರಕ್ಷಿತ ಗೋಡೆ ಇದು."

"ಲೇ, ಇದನ್ನ ಕಟ್ಟಿದ್ದೇ ನಾನು ಕಣೋ!"

"ಕಟ್ಟಿದ್ದು ನೀನೇ. ಕೆಡವೋ ಹಾಗಿಲ್ಲ."

"ಹಾಗಾದ್ರೆ ಹೋರೀನ ಕಿಂಡೀಲಿ ಎಳೀಲಾ?"

"ಸ್ವಲ್ಪ ಕಮ್ಮಿ ತಿನ್ನಿಸ್ಬೇಕಿತ್ತು."

ಒಳಗಿಂದ ಹೋರಿ ಗುಟುರು ಹಾಕಿತು. ತಿಝೆ ಕುಸಿದು ಕುಳಿತ. "ನಾಳೆ ಅಪ್ಪನ ಹೆಸರಲ್ಲಿ ಬರೀ ಸೊಪ್ಪಿನ ಸಾರು ಬಡಿಸ್ಲೇನೋ? ನಿನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ ಅಜ್ಜ ಕಣೋ ಅವನು."

ತೇರಿ ನೆಲ ನೋಡಿದ. "ಕೆಲಸ ಹೋಗುತ್ತೆ ಮಾವ."

ಇಬ್ಬರೂ ಅಳುವ ಹಾಗಿದ್ದರು. ನಾನು ಗೋಡೆಯ ಇನ್ನೊಂದು ಬದಿ ನೋಡಿಬಂದು ಕೇಳಿದೆ:

"ತೇರಿ, ಗೋಡೆ ಉಬ್ಬಿದ್ರೆ ರಿಪೇರಿ ಮಾಡಬಹುದೇನೋ?"

"ಮಾಡ್ಲೇಬೇಕು ಕ್ವಾಜಿ ಅತ್ತೆ. ಆದ್ರೆ ಹಳೇ ರೀತೀಲೇ."

"ಹಾಗಾದ್ರೆ ಬಂದು ನೋಡು. ಹೋರಿ ಮೈ ಉಜ್ಜಿ ಉಜ್ಜಿ ಗೋಡೆ ತುಂಬು ಬಸುರಿ ಥರ ಆಗಿದೆ. ಕಲ್ಲು ಇಳಿಸದೆ ಅದನ್ನ ಹೇಗೆ ಸರಿ ಮಾಡ್ತೀಯ?"

ತೇರಿ ಬಂದು ಗೋಡೆಯನ್ನು ಒತ್ತಿದ. ಒಂದು ಕಲ್ಲು ಅಲುಗಾಡಿತು. ಅವನ ಮುಖ ಅರಳಿತು. ಟೋಪಿ ಸರಿಮಾಡಿಕೊಂಡು ಊರೆಲ್ಲ ಕೇಳುವಂತೆ ಸೀಟಿ ಊದಿದ. "ರಿಪೇರಿ ಕೆಲಸ! ಎಲ್ಲಾ ಬನ್ನಿ!" ಮೊದಲ ಕಲ್ಲನ್ನು ಇಳಿಸಿದವನೂ ಅವನೇ.

ಹೋರಿ ಬಂತು. ನೆಂಟರೂ ಬಂದರು. ಮಾಂಸದ ತುಂಡು ಸಣ್ಣದಾಯಿತೆಂದು ಗೊಣಗಿದವನು ಒಬ್ಬನೇ, ತೇರಿ.

ಊಟ ಮುಗಿದ ಮೇಲೆ ಗೋಡೆ ಮತ್ತೆ ಕಟ್ಟಲು ನಿಂತ ತಿಝೆ ಕೇಳಿದ: "ಈ ಸಲ ಬಾಗಿಲು ಅಗಲ ಮಾಡಿಬಿಡ್ಲಾ?"

"ಮೊದಲಿದ್ದ ಹಾಗೇ ಇರ್ಬೇಕು ಮಾವ!"

"ಮುಂದಿನ ಹೋರಿ ಹೊರಗೆ ಬರೋದು ಹೇಗೋ?"

ತೇರಿ ಎಲುಬು ಚೀಪುತ್ತ ಹೇಳಿದ: "ಗೋಡೆ ಉಬ್ಬಿದ್ಮೇಲೆ ನನ್ನ ಕರಿ."